ಯುನೈಟೆಡ್ ಕಿಂಗ್‌ಡಮ್‌ನ ನಿರ್ಗಮನ ಒಪ್ಪಂದವನ್ನು ದಾರಿ ತಪ್ಪದೆ ಓದುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಐರೋಪ್ಯ ಒಕ್ಕೂಟದಿಂದ ಯುನೈಟೆಡ್ ಕಿಂಗ್‌ಡಮ್ ಹೊರಬಂದ ಕಾನೂನು ಷರತ್ತುಗಳ ಬಗ್ಗೆ ನೇರ ಪ್ರಶ್ನೆಯೊಂದನ್ನು ಕೇಳಿದರೆ ಸಾಕಷ್ಟು ಓದಿಕೊಂಡವರೂ ಒಂದೇ ಜಾಗದಲ್ಲಿ ಎಡವುತ್ತಾರೆ. ಕಾನೂನು ವಿದ್ಯಾರ್ಥಿಯಾಗಲಿ, ಸ್ಪರ್ಧಾತ್ಮಕ ಪರೀಕ್ಷೆಗೆ ತಯಾರಾಗುತ್ತಿರುವವರಾಗಲಿ, ಸುದ್ದಿಮನೆಯ ಅನುವಾದಕರಾಗಲಿ, ಅಲ್ಲಿರುವ ಅಳಿಯನ ಬಳಿಗೆ ಮಗಳನ್ನು ಕಳುಹಿಸಬೇಕಾದ ತಂದೆತಾಯಿಯಾಗಲಿ, ಮೊದಲು ಮಾಡುವುದು ಒಪ್ಪಂದದ ಕಡತವನ್ನು ತೆರೆದು, ಬೇಕಾದ ಪದವನ್ನು ಹುಡುಕಿ, ಕಣ್ಣಿಗೆ ಬಿದ್ದ ಮೊದಲ ವಿಧಿಯನ್ನೇ ಉತ್ತರವೆಂದು ಬರೆದುಕೊಳ್ಳುವುದು. ವಿಧಿ ಸರಿಯಾಗಿಯೇ ಇರುತ್ತದೆ. ಆದರೆ ಅದು ಅನ್ವಯಿಸುವುದು ಬೇರೊಂದು ದಿನಾಂಕಕ್ಕೆ, ಬೇರೊಂದು ಭೂಭಾಗಕ್ಕೆ ಅಥವಾ ಬೇರೊಬ್ಬ ವ್ಯಕ್ತಿಗೆ.

ಆದ್ದರಿಂದ ಇಲ್ಲಿ ಕ್ರಮವೇ ಮುಖ್ಯ. ಯಾವ ದಾಖಲೆ, ಯಾವ ದಿನಾಂಕ, ಯಾವ ನೆಲ, ಯಾವ ವ್ಯಕ್ತಿ ಅಥವಾ ವಸ್ತು ಎಂಬ ನಾಲ್ಕು ಪ್ರಶ್ನೆಗಳು ಮುಗಿದ ಮೇಲೆಯೇ ವಿಧಿಯ ಹುಡುಕಾಟ ಆರಂಭವಾಗಬೇಕು. ಬ್ರೆಕ್ಸಿಟ್ ಸರಿಯೋ ತಪ್ಪೋ ಎಂಬ ಚರ್ಚೆಗೆ ಈ ಬರಹದಲ್ಲಿ ಜಾಗವಿಲ್ಲ.

ಮೊದಲು ಕೈಯಲ್ಲಿರಬೇಕಾದವು

ನಾಲ್ಕು ಪಠ್ಯಗಳು ಬೇಕು. ಒಂದು, ಐರೋಪ್ಯ ಒಕ್ಕೂಟದ ಒಡಂಬಡಿಕೆಯ 50ನೇ ವಿಧಿ. ಎರಡು, ನಿರ್ಗಮನ ಒಪ್ಪಂದ. ಇದು ಒಕ್ಕೂಟದ ಅಧಿಕೃತ ಪತ್ರಿಕೆಯಲ್ಲಿ 31 ಜನವರಿ 2020ರಂದು ಪ್ರಕಟವಾಯಿತು, ಒಕ್ಕೂಟದ ಕಾನೂನು ಜಾಲತಾಣವಾದ ಯುರ್-ಲೆಕ್ಸ್‌ನಲ್ಲಿ ಉಚಿತವಾಗಿ ದೊರೆಯುತ್ತದೆ. ಅಲ್ಲಿ ತಿದ್ದುಪಡಿಗಳನ್ನು ಸೇರಿಸಿದ ಕ್ರೋಡೀಕೃತ ಪ್ರತಿಯನ್ನೇ ತೆರೆಯಿರಿ. ಮೂರು, ವ್ಯಾಪಾರ ಮತ್ತು ಸಹಕಾರ ಒಪ್ಪಂದ. ನಾಲ್ಕು, ಯು.ಕೆ. ಸಂಸತ್ತಿನ 2018ರ ಐರೋಪ್ಯ ಒಕ್ಕೂಟ (ನಿರ್ಗಮನ) ಕಾಯ್ದೆ. 2020ರ ತಿದ್ದುಪಡಿ ಸೇರಿದ ರೂಪದಲ್ಲಿ. ಇವುಗಳ ಜೊತೆಗೆ ಒಂದು ಖಾಲಿ ಹಾಳೆಯನ್ನು ಇಟ್ಟುಕೊಳ್ಳಿ. ಎರಡನೆಯ ಹಂತದಲ್ಲಿ ಅದು ನಾಲ್ಕೂ ಪಠ್ಯಗಳಿಗಿಂತ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಒಂದು ಎಚ್ಚರಿಕೆ. ನವೆಂಬರ್ 2018ರಲ್ಲಿ ಆಗಿನ ಪ್ರಧಾನಿ ಥೆರೇಸಾ ಮೇ ಅವರ ಸರ್ಕಾರ ಒಪ್ಪಿ, ಸಂಸತ್ತು 2019ರಲ್ಲಿ ಮೂರು ಬಾರಿ ತಿರಸ್ಕರಿಸಿದ ಕರಡು ಇನ್ನೂ ಅಂತರ್ಜಾಲದಲ್ಲಿ ಓಡಾಡುತ್ತಿದೆ. ಅದರಲ್ಲಿಯೂ 185 ವಿಧಿಗಳಿದ್ದು, ಬಹುಪಾಲು ಭಾಷೆಯೂ ಒಂದೇ ಆಗಿರುವುದರಿಂದ ಮೇಲುನೋಟಕ್ಕೆ ವ್ಯತ್ಯಾಸ ತಿಳಿಯುವುದಿಲ್ಲ. ಪರೀಕ್ಷಿಸುವ ಸುಲಭ ಉಪಾಯವೆಂದರೆ ಐರ್ಲೆಂಡ್ ಮತ್ತು ಉತ್ತರ ಐರ್ಲೆಂಡ್ ಪ್ರೋಟೋಕಾಲಿಗೆ ಹೋಗಿ ಅದರ 18ನೇ ವಿಧಿಯನ್ನು ನೋಡುವುದು. ಅಲ್ಲಿ ಉತ್ತರ ಐರ್ಲೆಂಡಿನ ಪ್ರಜಾಸತ್ತಾತ್ಮಕ ಸಮ್ಮತಿಯ ಮಾತಿದ್ದರೆ ಅದು ಜಾರಿಗೆ ಬಂದ ಪಠ್ಯ. ಇಲ್ಲದಿದ್ದರೆ ಕಡತವನ್ನು ಮುಚ್ಚಿ ಬೇರೆಯದನ್ನು ಹುಡುಕಿ.

ಪದಗಳ ವಿಷಯದಲ್ಲಿ ಕನ್ನಡದಲ್ಲಿ ಬರೆಯುವವರಿಗೆ ಮೂರು ಗುಂಡಿಗಳಿವೆ. ನಿಘಂಟು ನೋಡಿ ಪ್ರೋಟೋಕಾಲನ್ನು ‘ಶಿಷ್ಟಾಚಾರ’ ಎಂದು ಬರೆದರೆ ಅರ್ಥ ಕೆಡುತ್ತದೆ. ಇಲ್ಲಿ ಅದು ಒಪ್ಪಂದಕ್ಕೆ ಅಂಟಿಕೊಂಡಿರುವ, ಒಪ್ಪಂದದಷ್ಟೇ ಬಂಧಕವಾದ ಪೂರಕ ಕರಾರು. ಎರಡನೆಯದು, ಸರ್ಕಾರಗಳ ಮುಖ್ಯಸ್ಥರು ಕೂರುವ ಯುರೋಪಿಯನ್ ಕೌನ್ಸಿಲ್, ಸಚಿವರು ಕೂರುವ ಕೌನ್ಸಿಲ್ ಮತ್ತು ಒಕ್ಕೂಟಕ್ಕೆ ಸೇರದೆಯೇ ಇರುವ ಕೌನ್ಸಿಲ್ ಆಫ್ ಯುರೋಪ್ ಮೂರೂ ಬೇರೆ ಬೇರೆ. ಸ್ಟ್ರಾಸ್‌ಬರ್ಗ್‌ನ ಮಾನವ ಹಕ್ಕುಗಳ ನ್ಯಾಯಾಲಯ ಈ ಕೊನೆಯದಕ್ಕೆ ಸೇರಿದ್ದು, ಬ್ರೆಕ್ಸಿಟ್‌ನಿಂದ ಯು.ಕೆ. ಅದರ ವ್ಯಾಪ್ತಿಯಿಂದ ಹೊರಬಂದಿಲ್ಲ. ಮೂರನೆಯದು ನಮ್ಮ ಹಳೆಯ ಅಭ್ಯಾಸ: ಇಂಗ್ಲೆಂಡ್, ಬ್ರಿಟನ್, ಯು.ಕೆ. ಎಲ್ಲವನ್ನೂ ಒಂದೇ ಅರ್ಥದಲ್ಲಿ ಬಳಸುವುದು. ಗ್ರೇಟ್ ಬ್ರಿಟನ್ ಎಂದರೆ ಇಂಗ್ಲೆಂಡ್, ವೇಲ್ಸ್ ಮತ್ತು ಸ್ಕಾಟ್ಲೆಂಡ್ ಮಾತ್ರ. ಉತ್ತರ ಐರ್ಲೆಂಡ್ ಸೇರಿದಾಗ ಅದು ಯುನೈಟೆಡ್ ಕಿಂಗ್‌ಡಮ್ ಆಗುತ್ತದೆ. ಸರಕುಗಳ ಪ್ರಶ್ನೆಯಲ್ಲಿ ಇಡೀ ಉತ್ತರ ಈ ಒಂದು ಪದದ ಮೇಲೆ ನಿಂತಿರುತ್ತದೆ.

ಹಂತ 1: ದಾಖಲೆಗಳನ್ನು ಬೇರ್ಪಡಿಸಿ

‘ಬ್ರೆಕ್ಸಿಟ್ ಒಪ್ಪಂದ’ ಎಂಬ ಹೆಸರಿನ ಒಂದು ದಾಖಲೆ ಇಲ್ಲ. ನಿರ್ಗಮನ ಒಪ್ಪಂದವು ಹಳೆಯ ಸಂಸಾರದ ಲೆಕ್ಕ ಚುಕ್ತಾ ಮಾಡುತ್ತದೆ: ಈಗಾಗಲೇ ಅಲ್ಲಿ ನೆಲೆಸಿದವರ ಹಕ್ಕು, ಬಾಕಿ ಹಣ, ನಡೆಯುತ್ತಿದ್ದ ಮೊಕದ್ದಮೆ, ಸಾಗಣೆಯಲ್ಲಿದ್ದ ಸರಕು ಇತ್ಯಾದಿ. ವ್ಯಾಪಾರ ಮತ್ತು ಸಹಕಾರ ಒಪ್ಪಂದವು ಹೊಸ ಸಂಬಂಧವನ್ನು ಕಟ್ಟುತ್ತದೆ: ಸುಂಕ, ಮೀನುಗಾರಿಕೆ, ಸ್ಪರ್ಧೆಯ ನಿಯಮ, ಪೊಲೀಸ್ ಸಹಕಾರ. ಮೊದಲನೆಯದು 1 ಫೆಬ್ರವರಿ 2020ರಂದು ಜಾರಿಗೆ ಬಂದರೆ, ಎರಡನೆಯದು 1 ಜನವರಿ 2021ರಿಂದ ತಾತ್ಕಾಲಿಕವಾಗಿ ಅನ್ವಯವಾಗಿ 1 ಮೇ 2021ರಂದು ಪೂರ್ಣವಾಗಿ ಜಾರಿಯಾಯಿತು. ನಿರ್ಗಮನ ಒಪ್ಪಂದದ ಜೊತೆಗೆ ಪ್ರಕಟವಾದ ರಾಜಕೀಯ ಘೋಷಣೆ ಮೂರನೆಯದು. ಅದಕ್ಕೆ ಕಾನೂನಿನ ಬಂಧನವಿಲ್ಲ.

ಪ್ರಶ್ನೆಯನ್ನು ಹೀಗೆ ತೂಗಿ ನೋಡಿ: ಕೇಳುತ್ತಿರುವುದು ಹಿಂದೆ ಹುಟ್ಟಿದ ಹಕ್ಕು ಅಥವಾ ಹೊಣೆಯ ಬಗ್ಗೆಯೋ, ಈಗ ಹೊಸದಾಗಿ ಮಾಡಬೇಕಾದ ವ್ಯವಹಾರದ ಬಗ್ಗೆಯೋ? ಮೊದಲನೆಯದಾದರೆ ನಿರ್ಗಮನ ಒಪ್ಪಂದ, ಎರಡನೆಯದಾದರೆ ಬಹುತೇಕ ವ್ಯಾಪಾರ ಒಪ್ಪಂದ. ದಾರಿ ತಪ್ಪಿರುವ ಮೊದಲ ಸೂಚನೆ ಎಂದರೆ ನಿರ್ಗಮನ ಒಪ್ಪಂದದಲ್ಲಿ ಸುಂಕದ ದರವನ್ನು ಹುಡುಕುತ್ತಿರುವುದು. ಇನ್ನೊಂದು ಸೂಚನೆಯೂ ಇದೆ. ವ್ಯಾಪಾರ ಒಪ್ಪಂದವನ್ನು 12 ತಿಂಗಳ ಸೂಚನೆ ನೀಡಿ ಯಾವ ಪಕ್ಷವೂ ಕೊನೆಗಾಣಿಸಬಹುದು, ಆದರೆ ನಿರ್ಗಮನ ಒಪ್ಪಂದದಲ್ಲಿ ಅಂತಹ ಬಿಡುಗಡೆಯ ಕಲಮೇ ಇಲ್ಲ. ‘ಒಪ್ಪಂದವನ್ನು ರದ್ದು ಮಾಡಬಹುದು’ ಎಂದು ಬರೆಯುವ ಮೊದಲು ಯಾವುದರ ಬಗ್ಗೆ ಹೇಳುತ್ತಿದ್ದೀರಿ ಎಂಬುದನ್ನು ನೋಡಿಕೊಳ್ಳಿ.

ಹಂತ 2: ಖಾಲಿ ಹಾಳೆಯ ಮೇಲೆ ದಿನಾಂಕಗಳ ಗೆರೆ ಎಳೆಯಿರಿ

ಹಾಳೆಯ ಅಡ್ಡಕ್ಕೆ ಒಂದು ಗೆರೆ ಎಳೆದು ಈ ದಿನಗಳನ್ನು ಗುರುತಿಸಿ. 29 ಮಾರ್ಚ್ 2017: ಹೊರಹೋಗುವ ಸೂಚನಾಪತ್ರ. 31 ಜನವರಿ 2020, ಲಂಡನ್ ಸಮಯ ರಾತ್ರಿ 11 ಗಂಟೆ: ಸದಸ್ಯತ್ವದ ಅಂತ್ಯ. ಬ್ರಸೆಲ್ಸ್‌ನಲ್ಲಿ ಆಗ ನಡುರಾತ್ರಿ 12, ನಮ್ಮಲ್ಲಿ ಫೆಬ್ರವರಿ 1ರ ಬೆಳಗಿನ ಜಾವ 4:30. ಕನ್ನಡ ಪತ್ರಿಕೆಗಳ ಹಳೆಯ ಸಂಚಿಕೆಗಳಲ್ಲಿ ಎರಡು ದಿನಾಂಕಗಳು ಕಾಣಿಸಿದರೆ ಅದಕ್ಕೆ ಇದೇ ಕಾರಣ. 31 ಡಿಸೆಂಬರ್ 2020: ಪರಿವರ್ತನಾ ಅವಧಿಯ ಅಂತ್ಯ. 30 ಜೂನ್ 2021: ಯು.ಕೆ.ಯಲ್ಲಿ ನೆಲೆಸಿದ್ದ ಒಕ್ಕೂಟದ ನಾಗರಿಕರು ನಿವಾಸದ ಅರ್ಜಿ ಹಾಕಲು ಕೊಟ್ಟಿದ್ದ ಗಡುವು.

ಈ ಗೆರೆಯಲ್ಲಿ ಹೆಚ್ಚು ಜನರನ್ನು ಬೀಳಿಸುವುದು ನಡುವಿನ 11 ತಿಂಗಳು. ಒಪ್ಪಂದದ 126 ಮತ್ತು 127ನೇ ವಿಧಿಗಳ ಪ್ರಕಾರ ಆ ಅವಧಿಯಲ್ಲಿ ಯು.ಕೆ. ಸದಸ್ಯ ರಾಷ್ಟ್ರವಾಗಿರಲಿಲ್ಲ. ಸಂಸ್ಥೆಗಳಲ್ಲಿ ಅದಕ್ಕೆ ಆಸನವೂ ಮತವೂ ಇರಲಿಲ್ಲ. ಆದರೂ ಕೆಲವು ವಿನಾಯಿತಿಗಳ ಹೊರತು ಒಕ್ಕೂಟದ ಕಾನೂನು ಅಲ್ಲಿ ಮೊದಲಿನಂತೆಯೇ ನಡೆಯುತ್ತಿತ್ತು. ಮನೆಯ ಯಜಮಾನಿಕೆ ಹೋಗಿದ್ದರೂ ಮನೆಯ ಕಟ್ಟಳೆ ಮಾತ್ರ ತಪ್ಪಿರಲಿಲ್ಲ.

ಇದು ಪುಸ್ತಕದ ಬದನೆಕಾಯಿಯಲ್ಲ. 19 ಫೆಬ್ರವರಿ 2020ರಂದು, ಅಂದರೆ ಹೊರಬಂದ ಮೂರು ವಾರದೊಳಗೆ, ಯು.ಕೆ.ಯ ಸುಪ್ರೀಂ ಕೋರ್ಟ್ ರೊಮೇನಿಯಾ ವಿರುದ್ಧದ ಮಧ್ಯಸ್ಥಿಕೆ ತೀರ್ಪೊಂದರ ಜಾರಿಗೆ ದಾರಿ ಮಾಡಿಕೊಟ್ಟಿತು. ಒಪ್ಪಂದದ 87ನೇ ವಿಧಿಯು ಪರಿವರ್ತನಾ ಅವಧಿ ಮುಗಿದ ಮೇಲೂ ನಾಲ್ಕು ವರ್ಷಗಳವರೆಗೆ ಹಳೆಯ ಉಲ್ಲಂಘನೆಗಳ ಬಗ್ಗೆ ದಾವೆ ಹೂಡುವ ಅಧಿಕಾರವನ್ನು ಒಕ್ಕೂಟದ ಕಾರ್ಯಾಂಗವಾದ ಐರೋಪ್ಯ ಆಯೋಗಕ್ಕೆ ಕೊಟ್ಟಿತ್ತು. ಆಯೋಗ ಅದನ್ನು ಬಳಸಿತು. 14 ಮಾರ್ಚ್ 2024ರಂದು ಒಕ್ಕೂಟದ ನ್ಯಾಯಾಲಯವು, ಸುಪ್ರೀಂ ಕೋರ್ಟಿನ ಆ ತೀರ್ಪಿನ ಮೂಲಕ ಯು.ಕೆ. ಒಕ್ಕೂಟದ ಕಾನೂನನ್ನು ಉಲ್ಲಂಘಿಸಿದೆ ಎಂದು ಹೇಳಿತು. 2024ರ ತೀರ್ಪಿನ ತಲೆಬರಹವನ್ನಷ್ಟೇ ನೋಡಿ ‘ಬ್ರೆಕ್ಸಿಟ್ ಆದಮೇಲೂ ಯು.ಕೆ.ಯ ಮೇಲೆ ಒಕ್ಕೂಟದ ನ್ಯಾಯಾಲಯದ ಅಧಿಕಾರ ಮುಂದುವರಿದಿದೆ’ ಎಂದು ಸಾರಾಸಗಟಾಗಿ ಬರೆಯುವವರು ತೀರ್ಪಿನ ದಿನಾಂಕವನ್ನು ನೋಡುತ್ತಾರೆಯೇ ಹೊರತು ಕೃತ್ಯದ ದಿನಾಂಕವನ್ನು ನೋಡುವುದಿಲ್ಲ. ಪ್ರತಿ ಪ್ರಶ್ನೆಯಲ್ಲಿಯೂ ಗೆರೆಯ ಮೇಲೆ ಗುರುತಿಸಬೇಕಾದದ್ದು ಘಟನೆ ನಡೆದ ದಿನವನ್ನು.

ಯು.ಕೆ.ಯ ಕಾಯ್ದೆಗಳು ಇವೇ ದಿನಗಳಿಗೆ ಬೇರೆ ಹೆಸರಿಟ್ಟಿವೆ. ಒಪ್ಪಂದದ ‘ಪರಿವರ್ತನಾ ಅವಧಿ’ ಅಲ್ಲಿ ‘ಅನುಷ್ಠಾನ ಅವಧಿ’ ಆಗುತ್ತದೆ. 31 ಜನವರಿ 2020 ‘ನಿರ್ಗಮನ ದಿನ’, 31 ಡಿಸೆಂಬರ್ 2020 ‘ಅನುಷ್ಠಾನ ಅವಧಿ ಪೂರ್ಣಗೊಂಡ ದಿನ’. ಹಾಳೆಯ ಮೇಲೆ ಎರಡೂ ಹೆಸರುಗಳನ್ನು ಬರೆದುಕೊಳ್ಳಿ.

ಹಂತ 3: 50ನೇ ವಿಧಿಯ ಐದು ಕಂಡಿಕೆಗಳನ್ನು ಬಿಡಿಬಿಡಿಯಾಗಿ ಓದಿ

ಇದು ಚಿಕ್ಕ ವಿಧಿ, ಐದು ನಿಮಿಷದ ಓದು. ಮೊದಲ ಕಂಡಿಕೆಯಂತೆ ಹೊರಹೋಗುವ ನಿರ್ಧಾರ ಆಯಾ ದೇಶದ ಸಂವಿಧಾನದ ರೀತಿಯಲ್ಲಿ ಆಗಬೇಕು. ಜನಮತಗಣನೆಯಾದರೂ ಸೂಚನಾಪತ್ರ ಕೊಡಲು ಸಂಸತ್ತಿನ ಕಾಯ್ದೆ ಬೇಕೇ ಬೇಕೆಂದು ಯು.ಕೆ. ಸುಪ್ರೀಂ ಕೋರ್ಟ್ 24 ಜನವರಿ 2017ರಂದು 8–3 ಬಹುಮತದಿಂದ ತೀರ್ಪಿತ್ತದ್ದು ಈ ಭಾಗಕ್ಕೆ ಸಂಬಂಧಿಸಿದ್ದು. ಎರಡನೆಯದು ಒಪ್ಪಂದ ಮಾಡಿಕೊಳ್ಳುವ ಬಗೆ: ಒಕ್ಕೂಟದ ಕಡೆಯಿಂದ ಕೌನ್ಸಿಲ್‌ನ ಅರ್ಹ ಬಹುಮತ (ದೇಶಗಳ ಸಂಖ್ಯೆ ಮತ್ತು ಜನಸಂಖ್ಯೆ ಎರಡನ್ನೂ ಲೆಕ್ಕಿಸುವ ವಿಶೇಷ ಬಹುಮತ) ಮತ್ತು ಐರೋಪ್ಯ ಸಂಸತ್ತಿನ ಒಪ್ಪಿಗೆ. ಮೂರನೆಯದು ಗಡಿಯಾರ: ಒಪ್ಪಂದ ಜಾರಿಯಾದ ದಿನದಿಂದ, ಅದಿಲ್ಲದಿದ್ದರೆ ಸೂಚನೆ ಕೊಟ್ಟ ಎರಡು ವರ್ಷಕ್ಕೆ ಒಡಂಬಡಿಕೆಗಳು ಆ ದೇಶಕ್ಕೆ ಅನ್ವಯಿಸುವುದು ನಿಲ್ಲುತ್ತದೆ, ಅವಧಿಯನ್ನು ವಿಸ್ತರಿಸಲು ಯುರೋಪಿಯನ್ ಕೌನ್ಸಿಲ್‌ನ ಸರ್ವಾನುಮತ ಬೇಕು. ಹೀಗಾಗಿ ಒಪ್ಪಂದಕ್ಕೆ ಬಹುಮತ, ವಿಸ್ತರಣೆಗೆ ಸರ್ವಾನುಮತ. ಪರೀಕ್ಷೆಯಲ್ಲಿ ಇವನ್ನು ಅದಲುಬದಲು ಮಾಡುವವರು ಬಹಳ.

ಸೂಚನೆಯನ್ನು ಹಿಂತೆಗೆದುಕೊಳ್ಳಬಹುದೇ ಎಂಬುದಕ್ಕೆ ವಿಧಿಯ ಪಠ್ಯದಲ್ಲಿ ಉತ್ತರವಿಲ್ಲ. ಒಪ್ಪಂದ ಜಾರಿಯಾಗುವವರೆಗೆ, ಒಪ್ಪಂದವಿಲ್ಲದಿದ್ದರೆ ಎರಡು ವರ್ಷದ ಅಥವಾ ವಿಸ್ತರಿಸಿದ ಅವಧಿ ಮುಗಿಯುವವರೆಗೆ, ಉಳಿದವರನ್ನು ಕೇಳದೆಯೇ ಹಿಂತೆಗೆದುಕೊಳ್ಳಬಹುದೆಂದು ಒಕ್ಕೂಟದ ನ್ಯಾಯಾಲಯ 10 ಡಿಸೆಂಬರ್ 2018ರ ವೈಟ್‌ಮನ್ ತೀರ್ಪಿನಲ್ಲಿ ಹೇಳಿತು. ಐದನೆಯ ಕಂಡಿಕೆಯ ಪ್ರಕಾರ ಮರಳಿ ಸೇರಬೇಕೆಂದರೆ ಹೊಸ ಅಭ್ಯರ್ಥಿಯಂತೆ 49ನೇ ವಿಧಿಯ ಬಾಗಿಲಿನಿಂದಲೇ ಬರಬೇಕು.

ಹಂತ 4: ಒಪ್ಪಂದವನ್ನು ಮೊದಲಿನಿಂದ ಕೊನೆಗೆ ಓದಬೇಡಿ

185 ವಿಧಿಗಳು ಆರು ಭಾಗಗಳಲ್ಲಿ ಹಂಚಿಕೊಂಡಿವೆ. 1ರಿಂದ 8 ಸಾಮಾನ್ಯ ನಿಯಮಗಳು. 9ರಿಂದ 39 ನಾಗರಿಕರ ಹಕ್ಕು. 40ರಿಂದ 125 ವಿಯೋಜನೆಯ, ಅಂದರೆ ಹಳೆಯ ವ್ಯವಹಾರಗಳನ್ನು ಮುಗಿಸಿ ಬೇರ್ಪಡುವ ನಿಯಮಗಳು. 126ರಿಂದ 132 ಪರಿವರ್ತನಾ ಅವಧಿ. 133ರಿಂದ 157 ಹಣಕಾಸು. 158ರಿಂದ 185 ಸಂಸ್ಥೆಗಳು, ವಿವಾದ ಮತ್ತು ಅಂತಿಮ ನಿಯಮಗಳು. ಇದರ ಮೇಲೆ ಐರ್ಲೆಂಡ್, ಸೈಪ್ರಸ್‌ನ ಸೇನಾ ನೆಲೆಗಳು ಮತ್ತು ಜಿಬ್ರಾಲ್ಟರ್ ಕುರಿತ ಮೂರು ಪ್ರೋಟೋಕಾಲುಗಳಿವೆ.

ನನ್ನ ಸಲಹೆ ಹೀಗಿದೆ: ಮೊದಲ ಭಾಗ, ನಂತರ 185ನೇ ವಿಧಿ, ಆಮೇಲೆ ನಿಮಗೆ ಬೇಕಾದ ಭಾಗ, ಕೊನೆಗೆ ಆರನೆಯ ಭಾಗದ ಉಳಿದದ್ದು. ಕೊನೆಯ ವಿಧಿಯನ್ನು ಎರಡನೆಯದಾಗಿ ಓದಬೇಕೆನ್ನುವುದಕ್ಕೆ ಕಾರಣವಿದೆ. ಒಪ್ಪಂದ 1 ಫೆಬ್ರವರಿ 2020ಕ್ಕೆ ಜಾರಿಗೆ ಬಂದರೂ, ನಾಗರಿಕರ ಹಕ್ಕು ಮತ್ತು ವಿಯೋಜನೆಯ ಭಾಗಗಳು, ಕೆಲವು ವಿಧಿಗಳ ಹೊರತು, ಪರಿವರ್ತನಾ ಅವಧಿ ಮುಗಿದ ಮೇಲೆಯೇ ಅನ್ವಯಿಸತೊಡಗಿದವು ಎಂಬುದು ಅಲ್ಲಿ ಅಡಗಿದೆ.

ಮೊದಲ ಭಾಗದಲ್ಲಿ ನಿಧಾನಿಸಬೇಕಾದದ್ದು 4ನೇ ವಿಧಿಯ ಮುಂದೆ. ಈ ಒಪ್ಪಂದವು ಯು.ಕೆ.ಯೊಳಗೂ ಸದಸ್ಯ ರಾಷ್ಟ್ರಗಳಲ್ಲಿರುವಷ್ಟೇ ಬಲ ಹೊಂದಿರುತ್ತದೆ. ಜನರು ಅದನ್ನು ನೇರವಾಗಿ ನ್ಯಾಯಾಲಯದಲ್ಲಿ ಆಧರಿಸಬಹುದು. ಅದಕ್ಕೆ ಹೊಂದದ ದೇಶೀಯ ಕಾನೂನನ್ನು ನ್ಯಾಯಾಧೀಶರು ಬದಿಗಿಡಬೇಕು. ಅದೇ ವಿಧಿಯ 4 ಮತ್ತು 5ನೇ ಕಂಡಿಕೆಗಳು ಮತ್ತೆ ನಿಮ್ಮ ಹಾಳೆಯ ಗೆರೆಗೇ ಕರೆದೊಯ್ಯುತ್ತವೆ. ಒಕ್ಕೂಟದ ಕಾನೂನನ್ನು ಉಲ್ಲೇಖಿಸುವ ವಿಧಿಗಳನ್ನು 31 ಡಿಸೆಂಬರ್ 2020ಕ್ಕೆ ಮೊದಲಿನ ಒಕ್ಕೂಟದ ನ್ಯಾಯಾಲಯದ ತೀರ್ಪುಗಳಿಗೆ ಅನುಗುಣವಾಗಿಯೇ ಅರ್ಥೈಸಬೇಕು. ನಂತರದ ತೀರ್ಪುಗಳಿಗೆ ಯು.ಕೆ. ನ್ಯಾಯಾಲಯಗಳು ತಕ್ಕ ಗಮನ ಕೊಟ್ಟರೆ ಸಾಕು. ತೀರ್ಪೊಂದನ್ನು ಉಲ್ಲೇಖಿಸುವಾಗ ಅದರ ದಿನಾಂಕ ಬರೆಯದ ಟಿಪ್ಪಣಿಯನ್ನು ನಂಬಬೇಡಿ.

ಹಂತ 5: ವ್ಯಕ್ತಿಯ ಪ್ರಶ್ನೆಯಾದರೆ 10ನೇ ವಿಧಿಯ ಜರಡಿಯಲ್ಲಿ ಹಾಯಿಸಿ

ನಾಗರಿಕರ ಹಕ್ಕಿನ ಭಾಗದಲ್ಲಿ ಜನ ನೇರವಾಗಿ 13 ಅಥವಾ 15ನೇ ವಿಧಿಗೆ ಜಿಗಿಯುತ್ತಾರೆ, ಏಕೆಂದರೆ ವಾಸದ ಹಕ್ಕು ಅಲ್ಲಿದೆ. ಆದರೆ ಆ ಹಕ್ಕು ಯಾರಿಗೆ ಎಂಬುದು 9 ಮತ್ತು 10ನೇ ವಿಧಿಗಳಲ್ಲಿದೆ. ಇವುಗಳ ಜರಡಿಯಲ್ಲಿ ಉಳಿಯದವರಿಗೆ ಮುಂದಿನ ಯಾವ ವಿಧಿಯೂ ಇಲ್ಲ.

ಒಂದು ಕಲ್ಪಿತ ಉದಾಹರಣೆಯನ್ನು ಬಿಡಿಸೋಣ. 1961ಕ್ಕೆ ಮೊದಲು ಪೋರ್ಚುಗೀಸ್ ಆಡಳಿತದಲ್ಲಿದ್ದ ಗೋವಾದಲ್ಲಿ ಜನಿಸಿದವರಿಗೆ ಮತ್ತು ಅವರ ಮಕ್ಕಳಿಗೆ ಪೋರ್ಚುಗೀಸ್ ಪೌರತ್ವದ ದಾರಿ ಇರುವುದರಿಂದ, ಆ ಪಾಸ್‌ಪೋರ್ಟ್ ಹಿಡಿದು ಇಂಗ್ಲೆಂಡಿನ ಸ್ವಿಂಡನ್‌ನಂತಹ ಊರುಗಳಲ್ಲಿ ನೆಲೆಸಿದ ಗೋವನ್ನರು ಅನೇಕ. ಅಂಥವನೊಬ್ಬ 2018ರಿಂದ ಅಲ್ಲಿ ಕೆಲಸ ಮಾಡಿಕೊಂಡಿದ್ದಾನೆ, ಮಂಗಳೂರಿನ, ಭಾರತೀಯ ಪೌರತ್ವದ ಹೆಣ್ಣುಮಗಳೊಬ್ಬಳನ್ನು ಮದುವೆಯಾಗಿದ್ದಾನೆ ಎಂದಿಟ್ಟುಕೊಳ್ಳಿ.

ಮದುವೆ ಡಿಸೆಂಬರ್ 2019ರಲ್ಲಿ ನಡೆದು, ಹೆಂಡತಿ ತವರಿನಲ್ಲಿಯೇ ಉಳಿದು 2022ರಲ್ಲಿ ಹೊರಟರೂ ಆಕೆ 10ನೇ ವಿಧಿಯ 1(ಇ) ಕಂಡಿಕೆಯ ಎರಡನೆಯ ಉಪಕಂಡಿಕೆಯೊಳಗೆ ಬರುತ್ತಾಳೆ. ಪರಿವರ್ತನಾ ಅವಧಿಯ ಕೊನೆಗೆ ಮೊದಲು ಸಂಬಂಧವಿರಬೇಕು ಮತ್ತು ಹೊರಡುವಾಗ ಅದು ಉಳಿದಿರಬೇಕು ಎಂಬುದೇ ಅಲ್ಲಿನ ಷರತ್ತು. ಆಕೆ ಆ ದಿನ ಯು.ಕೆ.ಯಲ್ಲಿರಬೇಕೆಂದಿಲ್ಲ.

ಮದುವೆ ಫೆಬ್ರವರಿ 2021ರಲ್ಲಿ ಆಗಿದ್ದರೆ ‘ಪತ್ನಿ’ ಎಂಬ ಬಾಗಿಲು ಮುಚ್ಚಿದೆ. ಉಳಿಯುವುದು 10ನೇ ವಿಧಿಯ 4ನೇ ಕಂಡಿಕೆ: ಆಕೆ ಆಗ ಯು.ಕೆ.ಯ ಹೊರಗೆ ವಾಸವಾಗಿದ್ದು, 31 ಡಿಸೆಂಬರ್ 2020ಕ್ಕೆ ಮೊದಲೇ ಅವರದು ಸ್ಥಿರವಾದ ಬಾಳಸಂಗಾತಿಯ ಸಂಬಂಧವಾಗಿತ್ತೆಂದು ತೋರಿಸಿದರೆ, ಪ್ರವೇಶಕ್ಕೆ ಅನುಕೂಲ ಮಾಡಿಕೊಡುವುದನ್ನು ದೇಶೀಯ ಕಾನೂನಿನ ಪ್ರಕಾರ ಪರಿಶೀಲಿಸಬೇಕು. ನಿಶ್ಚಿತಾರ್ಥವಾಗಿ, ಕಾಗದದ ಮೇಲೆ ಏನೂ ಇಲ್ಲದೆ, ಕೋವಿಡ್‌ನಿಂದ ಮದುವೆ ಮುಂದೆ ಹೋದ ನಮ್ಮ ಕಡೆಯ ಜೋಡಿಗಳಿಗೆ ಇದನ್ನು ಸಾಬೀತುಪಡಿಸುವುದು ಸುಲಭವಲ್ಲ. ಯು.ಕೆ.ಯಲ್ಲಿಯೇ ಇದ್ದ ಟರ್ಕಿಯ ಪ್ರಜೆಯೊಬ್ಬರು, ಕೋವಿಡ್‌ನಿಂದಾಗಿ ಮದುವೆ 2021ಕ್ಕೆ ಮುಂದೂಡಲ್ಪಟ್ಟಿತೆಂದು ವಾದಿಸಿದರೂ 2023ರಲ್ಲಿ ಇಂಗ್ಲೆಂಡಿನ ಅಪೀಲು ನ್ಯಾಯಾಲಯ ಅವರನ್ನು ಒಪ್ಪಂದದ ವ್ಯಾಪ್ತಿಯೊಳಗೆ ಸೇರಿಸಲಿಲ್ಲ. ದಿನಾಂಕಕ್ಕೆ ಕರುಣೆಯಿಲ್ಲ.

ಗಂಡನೇ ಮೊದಲ ಬಾರಿಗೆ ಮಾರ್ಚ್ 2021ರಲ್ಲಿ ಬಂದಿದ್ದರೆ ಅವನಿಗೂ ಹಕ್ಕಿಲ್ಲ, ಹಾಗಾಗಿ ಅವಳಿಗೂ ಇಲ್ಲ. ಗಂಡಹೆಂಡತಿ ಇಬ್ಬರೂ ಭಾರತೀಯ ಪ್ರಜೆಗಳಾಗಿ ಕೆಲಸದ ವೀಸಾದಲ್ಲಿ ಲಂಡನ್‌ನಲ್ಲಿದ್ದರೆ ಈ ಭಾಗಕ್ಕೂ ಅವರಿಗೂ ಸಂಬಂಧವೇ ಇಲ್ಲ. ಅವರ ಸ್ಥಿತಿ ಮೊದಲಿನಿಂದಲೂ ಯು.ಕೆ.ಯ ಸ್ವಂತ ವಲಸೆ ನಿಯಮಗಳಿಗೆ ಸೇರಿದ್ದು. ಅಲ್ಲಿರುವ ಕನ್ನಡಿಗರಲ್ಲಿ ಅನೇಕರು ಈ ಕೊನೆಯ ಗುಂಪಿಗೆ ಸೇರುತ್ತಾರೆ.

ಜರಡಿಯಲ್ಲಿ ಉಳಿದವರಿಗೆ ಮುಂದಿನ ಮೆಟ್ಟಿಲು 18ನೇ ವಿಧಿ. ಹಕ್ಕನ್ನು ಪಡೆಯಲು ಅರ್ಜಿ ಹಾಕಲೇಬೇಕು ಎಂಬ ಪದ್ಧತಿಯನ್ನಾಗಲಿ, ಹಕ್ಕು ತಾನಾಗಿಯೇ ಇರುತ್ತದೆ, ಕಾಗದ ಅದಕ್ಕೆ ಪುರಾವೆ ಮಾತ್ರ ಎಂಬ ಪದ್ಧತಿಯನ್ನಾಗಲಿ ಆತಿಥೇಯ ದೇಶ ಆರಿಸಿಕೊಳ್ಳಬಹುದು. ಯು.ಕೆ. ಮೊದಲನೆಯದನ್ನು ಆರಿಸಿತು. ಫ್ರಾನ್ಸ್, ನೆದರ್‌ಲ್ಯಾಂಡ್ಸ್ ಸೇರಿ ಒಕ್ಕೂಟದ 13 ದೇಶಗಳೂ ಹಾಗೆಯೇ ಮಾಡಿದವು. ಜರ್ಮನಿ, ಸ್ಪೇನ್ ಸೇರಿ 14 ದೇಶಗಳು ಎರಡನೆಯದನ್ನು ಒಪ್ಪಿದವು. ಆದ್ದರಿಂದ ‘ಅರ್ಜಿ ಹಾಕದಿದ್ದರೆ ಏನಾಗುತ್ತದೆ’ ಎಂಬುದಕ್ಕೆ ದೇಶದ ಹೆಸರಿಲ್ಲದೆ ಉತ್ತರವಿಲ್ಲ. ಗಡುವು ಮೀರಿದ ಅರ್ಜಿಗಳನ್ನು ತಡಕ್ಕೆ ನ್ಯಾಯಸಮ್ಮತ ಕಾರಣವಿದ್ದರೆ ಸ್ವೀಕರಿಸಬೇಕೆಂದು ಅದೇ ವಿಧಿಯ 1(ಡಿ) ಹೇಳುತ್ತದೆ.

ಐದು ವರ್ಷ ನಿರಂತರವಾಗಿ ಕಾನೂನುಬದ್ಧವಾಗಿ ನೆಲೆಸಿದವರಿಗೆ 15ನೇ ವಿಧಿ ಶಾಶ್ವತ ವಾಸದ ಹಕ್ಕು ಕೊಡುತ್ತದೆ. ಸತತ ಐದು ವರ್ಷಕ್ಕಿಂತ ಹೆಚ್ಚು ದೂರವಿದ್ದರೆ ಮಾತ್ರ ಅದು ಹೋಗುತ್ತದೆ. ಯು.ಕೆ. ಮೊದಲು ಕೊಡುತ್ತಿದ್ದ ತಾತ್ಕಾಲಿಕ ಸ್ಥಾನಮಾನದವರು ಎರಡನೆಯ ಅರ್ಜಿ ಹಾಕದಿದ್ದರೆ ವಾಸದ ಹಕ್ಕನ್ನೇ ಕಳೆದುಕೊಳ್ಳುತ್ತಾರೆ ಎಂಬ ನಿಯಮವಿತ್ತು. ಒಪ್ಪಂದದ 159ನೇ ವಿಧಿಯಡಿ ಸ್ಥಾಪನೆಯಾದ ಸ್ವತಂತ್ರ ಮೇಲ್ವಿಚಾರಣಾ ಪ್ರಾಧಿಕಾರ ಅದನ್ನು ಪ್ರಶ್ನಿಸಿತು. 21 ಡಿಸೆಂಬರ್ 2022ರಂದು ಹೈಕೋರ್ಟ್ ಆ ನಿಯಮ ಒಪ್ಪಂದಕ್ಕೆ ವಿರುದ್ಧವೆಂದು ತೀರ್ಮಾನಿಸಿತು. ಆ ತೀರ್ಪಿಗೆ ಮೊದಲು ಬರೆದ ಕೈಪಿಡಿಗಳನ್ನು ಈ ವಿಷಯದಲ್ಲಿ ಬಳಸಬೇಡಿ. ನಿಮ್ಮ ಮನೆಯದೇ ಪ್ರಕರಣವಾದರೆ ಇಷ್ಟನ್ನು ತಿಳಿದುಕೊಂಡು ಅಲ್ಲಿನ ಪರವಾನಗಿ ಇರುವ ವಲಸೆ ವಕೀಲರ ಬಳಿಗೆ ಹೋಗಿ. ಓದು ವಕೀಲರಿಗೆ ಬದಲಿಯಲ್ಲ.

ಹಂತ 6: ಸರಕು, ಹೆಸರು

ಮೂರನೆಯ ಭಾಗ ಉದ್ದವಾದರೂ ಅದರ ಸೂತ್ರ ಒಂದೇ: ಅವಧಿಯೊಳಗೆ ಆರಂಭವಾದದ್ದು ಹಳೆಯ ನಿಯಮದಲ್ಲಿ ಮುಗಿಯಲಿ. 41ನೇ ವಿಧಿಯಂತೆ 31 ಡಿಸೆಂಬರ್ 2020ಕ್ಕೆ ಮೊದಲು ಮಾರುಕಟ್ಟೆಗೆ ಬಂದ ಸರಕು ಕೊನೆಯ ಬಳಕೆದಾರನನ್ನು ತಲುಪುವವರೆಗೆ ಎರಡೂ ಕಡೆ ಓಡಾಡಬಹುದು. ಇಲ್ಲಿ ಲೆಕ್ಕ ಪ್ರತಿಯೊಂದು ಬಿಡಿ ವಸ್ತುವಿನದು, ಮಾದರಿಯದ್ದಲ್ಲ. ಒಂದೇ ಮಾದರಿಯ ಯಂತ್ರ ನವೆಂಬರ್‌ನಲ್ಲಿ ಮಾರಾಟವಾಗಿದ್ದರೆ ಒಳಗೆ, ಜನವರಿಯಲ್ಲಿ ಮೊದಲ ಬಾರಿ ಸರಬರಾಜಾಗಿದ್ದರೆ ಹೊರಗೆ. ಸಾಬೀತುಪಡಿಸುವ ಹೊಣೆ 42ನೇ ವಿಧಿಯಂತೆ ವ್ಯಾಪಾರಿಯದು.

ಭೌಗೋಳಿಕ ಹೆಸರುಗಳ ವಿಷಯದಲ್ಲಿ ನಮ್ಮ ದೇಶದ್ದೇ ಒಂದು ಜೋಡಿ ಇದೆ. ಡಾರ್ಜಿಲಿಂಗ್ ಚಹಾ 2011ರಲ್ಲಿಯೇ ಒಕ್ಕೂಟದಲ್ಲಿ ನೋಂದಣಿಯಾಗಿತ್ತು, ಆದ್ದರಿಂದ 54ನೇ ವಿಧಿಯ 2ನೇ ಕಂಡಿಕೆಯಂತೆ ಮರುಪರಿಶೀಲನೆಯಿಲ್ಲದೆ ಯು.ಕೆ.ಯಲ್ಲಿಯೂ ಅದರ ರಕ್ಷಣೆ ಮುಂದುವರಿಯುತ್ತದೆ. ಕಾಂಗ್ರಾ ಚಹಾ ಒಕ್ಕೂಟದಲ್ಲಿ ನೋಂದಣಿಯಾದದ್ದು 2023ರಲ್ಲಿ. ಆ ನೋಂದಣಿಯಿಂದ ಗ್ರೇಟ್ ಬ್ರಿಟನ್‌ನಲ್ಲಿ ಏನೂ ಸಿಗುವುದಿಲ್ಲ.

ಹಂತ 7: ಹಣದ ಮೊತ್ತವನ್ನು ಒಪ್ಪಂದದಲ್ಲಿ ಹುಡುಕಬೇಡಿ

ಪತ್ರಿಕೆಗಳಲ್ಲಿ ಬಂದ 35ರಿಂದ 39 ಶತಕೋಟಿ ಪೌಂಡ್ ಎಂಬುದು ಯು.ಕೆ. ಸರ್ಕಾರದ ಅಂದಾಜು. ಒಪ್ಪಂದದಲ್ಲಿರುವುದು ಲೆಕ್ಕ ಹಾಕುವ ವಿಧಾನ ಮಾತ್ರ: 2019 ಮತ್ತು 2020ರ ಬಜೆಟ್ಟಿನ ಪಾಲು, ಮಾತುಕೊಟ್ಟು ಇನ್ನೂ ಪಾವತಿಸದ ಬಾಬ್ತುಗಳು, ಸಿಬ್ಬಂದಿಯ ಪಿಂಚಣಿ. ಯು.ಕೆ.ಗೆ ಮರಳಿ ಬರುವ ಹಣವೂ ಇದೆ. ಐರೋಪ್ಯ ಹೂಡಿಕೆ ಬ್ಯಾಂಕಿಗೆ ಅದು ಹಾಕಿದ್ದ ಸುಮಾರು 3.5 ಶತಕೋಟಿ ಯೂರೋ ಬಂಡವಾಳವನ್ನು 12 ವಾರ್ಷಿಕ ಕಂತುಗಳಲ್ಲಿ ಹಿಂದಿರುಗಿಸಬೇಕೆಂದು 150ನೇ ವಿಧಿ ಹೇಳುತ್ತದೆ.

ಹಂತ 8: ಉತ್ತರ ಐರ್ಲೆಂಡ್‌ಗೆ ಪ್ರತ್ಯೇಕ ಹಾಳೆ

ಪ್ರೋಟೋಕಾಲಿನ 4ನೇ ವಿಧಿ ಉತ್ತರ ಐರ್ಲೆಂಡ್ ಯು.ಕೆ.ಯ ಸುಂಕ ಪ್ರದೇಶದ ಭಾಗ ಎನ್ನುತ್ತದೆ. 5ನೇ ವಿಧಿ ಅಲ್ಲಿ ಒಕ್ಕೂಟದ ಸುಂಕ ಸಂಹಿತೆ ಅನ್ವಯಿಸುತ್ತದೆ ಎನ್ನುತ್ತದೆ. ಒಂದನ್ನು ಓದಿ ನಿಲ್ಲಿಸಿದವರಿಗೆ ಅರ್ಧ ಉತ್ತರ ಸಿಗುತ್ತದೆ, ಅದೂ ತಪ್ಪಾದ ಅರ್ಧ. ಐರ್ಲೆಂಡ್ ದ್ವೀಪದ ಭೂಗಡಿಯಲ್ಲಿ ತಪಾಸಣೆ ಬೇಡವೆಂಬುದಕ್ಕಾಗಿ, ಗ್ರೇಟ್ ಬ್ರಿಟನ್‌ನಿಂದ ಸಮುದ್ರ ದಾಟಿ ಬರುವ ಸರಕಿನ ಮೇಲೆ ನಿಯಮಗಳು ಬಂದವು. ಸರಕು ಮುಂದೆ ಒಕ್ಕೂಟದೊಳಕ್ಕೆ ಸಾಗುವ ಅಪಾಯವಿದೆಯೇ ಎಂಬುದೇ ಇಲ್ಲಿ ಕೇಳಬೇಕಾದ ಪ್ರಶ್ನೆ.

ವಿಂಡ್ಸರ್ ಚೌಕಟ್ಟು ಹೊಸ ಒಪ್ಪಂದವಲ್ಲ. ಒಪ್ಪಂದದ ಜಾರಿಯನ್ನು ನೋಡಿಕೊಳ್ಳುವ, ಎರಡೂ ಕಡೆಯವರಿರುವ ಜಂಟಿ ಸಮಿತಿ 24 ಮಾರ್ಚ್ 2023ರಂದು ತೆಗೆದುಕೊಂಡ ನಿರ್ಧಾರದಿಂದ ಅದೇ ಪ್ರೋಟೋಕಾಲಿನ ಪಠ್ಯ ತಿದ್ದುಪಡಿಯಾಯಿತು. ಉತ್ತರ ಐರ್ಲೆಂಡ್‌ನೊಳಗೇ ಉಳಿಯುವ ಸರಕಿಗೆ ಹಸಿರು ಸಾಲು, ಮುಂದೆ ಸಾಗಬಹುದಾದದ್ದಕ್ಕೆ ಕೆಂಪು ಸಾಲು ಬಂದವು. ಉತ್ತರ ಐರ್ಲೆಂಡ್ ಶಾಸನಸಭೆಯ ಕನಿಷ್ಠ ಎರಡು ಪಕ್ಷಗಳ 30 ಶಾಸಕರು ಕೇಳಿಕೊಂಡರೆ ಒಕ್ಕೂಟ ತಿದ್ದಿದ ಅಥವಾ ಬದಲಿಸಿದ ನಿಯಮಕ್ಕೆ ತಡೆಯೊಡ್ಡುವ ಸ್ಟಾರ್ಮಂಟ್ ಬ್ರೇಕ್ 13ನೇ ವಿಧಿಗೆ ಸೇರಿತು. 13ನೇ ವಿಧಿಯಲ್ಲಿ 3ಎ ಕಂಡಿಕೆ ಕಾಣದಿದ್ದರೆ ನಿಮ್ಮ ಕೈಯಲ್ಲಿರುವುದು ಹಳೆಯ ಪ್ರತಿ.

16ನೇ ವಿಧಿಯನ್ನು ಪ್ರೋಟೋಕಾಲನ್ನು ರದ್ದುಪಡಿಸುವ ಗುಂಡಿಯೆಂಬಂತೆ ಬರೆಯುವುದು ಇನ್ನೊಂದು ತಪ್ಪು. ಗಂಭೀರ ತೊಂದರೆಯಾದಾಗ ಸೀಮಿತ ರಕ್ಷಣಾ ಕ್ರಮಕ್ಕೆ ಮಾತ್ರ ಅದು ಅವಕಾಶ ಕೊಡುತ್ತದೆ. 5ರಿಂದ 10ನೇ ವಿಧಿಗಳನ್ನು ನಿಜವಾಗಿ ಕೊನೆಗಾಣಿಸಬಲ್ಲದ್ದು 18ನೇ ವಿಧಿಯ ಮತದಾನ. 10 ಡಿಸೆಂಬರ್ 2024ರಂದು ಅಲ್ಲಿನ ಶಾಸನಸಭೆ ಸರಳ ಬಹುಮತದಿಂದ ಸಮ್ಮತಿಸಿತು. ಯು.ಕೆ. ಪರ ಯೂನಿಯನಿಸ್ಟರು ಮತ್ತು ಐರ್ಲೆಂಡ್ ಪರ ರಾಷ್ಟ್ರೀಯವಾದಿಗಳು ಎಂಬ ಎರಡೂ ಸಮುದಾಯಗಳ ಬೆಂಬಲವಿದ್ದರೆ ಮುಂದಿನ ಮತದಾನ ಎಂಟು ವರ್ಷಕ್ಕೆ, ಇಲ್ಲದ್ದರಿಂದ ನಾಲ್ಕು ವರ್ಷಕ್ಕೆ.

ಹಂತ 9: ತೀರ್ಪು ಕೊಡುವವರು ಯಾರು

ಈ ಹಂತಕ್ಕೆ ಬಂದಾಗ ವಿಧಿ ನಿಮ್ಮ ಕೈಯಲ್ಲಿರುತ್ತದೆ. ಇಬ್ಬರು ವ್ಯಕ್ತಿಗಳ ನಡುವಿನ ಅಥವಾ ವ್ಯಕ್ತಿ ಮತ್ತು ಸರ್ಕಾರದ ನಡುವಿನ ವಿವಾದವಾದರೆ ದೇಶೀಯ ನ್ಯಾಯಾಲಯ. ನಾಗರಿಕರ ಹಕ್ಕಿನ ಭಾಗದ ಅರ್ಥದ ಬಗ್ಗೆ ಯು.ಕೆ. ನ್ಯಾಯಾಲಯವು ಒಕ್ಕೂಟದ ನ್ಯಾಯಾಲಯವನ್ನು ಕೇಳಬಹುದು. ಪರಿವರ್ತನಾ ಅವಧಿ ಮುಗಿದ ಎಂಟು ವರ್ಷದೊಳಗೆ ಆರಂಭವಾದ ಪ್ರಕರಣಗಳಿಗೆ 158ನೇ ವಿಧಿ ಈ ಅವಕಾಶ ಕೊಡುತ್ತದೆ, ಆದರೆ ನಿವಾಸದ ಅರ್ಜಿಗಳ ಮೇಲಿನ ಪ್ರಕರಣಗಳಿಗೆ ಎಂಟು ವರ್ಷದ ಎಣಿಕೆ ಬೇರೆ ದಿನದಿಂದ ಆರಂಭವಾಗುತ್ತದೆ.

ಯು.ಕೆ. ಮತ್ತು ಒಕ್ಕೂಟದ ನಡುವಿನ ವಿವಾದವಾದರೆ ಮೊದಲು ಜಂಟಿ ಸಮಿತಿಯಲ್ಲಿ ಮಾತುಕತೆ. ಮೂರು ತಿಂಗಳಲ್ಲಿ ಬಗೆಹರಿಯದಿದ್ದರೆ ಐವರ ಮಧ್ಯಸ್ಥಿಕೆ ಮಂಡಳಿ, 12 ತಿಂಗಳೊಳಗೆ ತೀರ್ಪು. ಮಂಡಳಿಯ ಮುಂದೆ ಒಕ್ಕೂಟದ ಕಾನೂನಿನ ಅರ್ಥದ ಪ್ರಶ್ನೆ ಎದ್ದರೆ ಅದನ್ನು ತಾನೇ ತೀರ್ಮಾನಿಸುವಂತಿಲ್ಲ, 174ನೇ ವಿಧಿಯಂತೆ ಒಕ್ಕೂಟದ ನ್ಯಾಯಾಲಯಕ್ಕೆ ಕಳುಹಿಸಬೇಕು. ತೀರ್ಪು ಪಾಲಿಸದವರ ವಿರುದ್ಧ ಎದುರು ಪಕ್ಷ ತನ್ನ ಕೆಲವು ಬಾಧ್ಯತೆಗಳನ್ನು ತಡೆಹಿಡಿಯಬಹುದು. ನಾಗರಿಕರ ಹಕ್ಕಿನ ಭಾಗವನ್ನು ಮಾತ್ರ ಮುಟ್ಟುವಂತಿಲ್ಲ. ಸರ್ಕಾರಗಳ ಜಗಳದಲ್ಲಿ ಜನರನ್ನು ಒತ್ತೆಯಾಗಿಡಬಾರದೆಂಬ ಈ ಒಂದು ವಾಕ್ಯ ಇಡೀ ದಾಖಲೆಯಲ್ಲಿ ನನಗೆ ಹೆಚ್ಚು ಮೆಚ್ಚುಗೆಯಾದದ್ದು.

ಹಂತ 10: ಕೊನೆಗೆ ದೇಶೀಯ ಕಾಯ್ದೆಯೊಂದಿಗೆ ತಾಳೆ ನೋಡಿ

ಯು.ಕೆ.ಯಲ್ಲಿ ಅಂತರರಾಷ್ಟ್ರೀಯ ಒಪ್ಪಂದ ತಾನಾಗಿ ಕಾನೂನಾಗುವುದಿಲ್ಲ. 2018ರ ಕಾಯ್ದೆಗೆ 2020ರಲ್ಲಿ ಸೇರಿಸಿದ 7ಎ ಕಲಮಿನಿಂದ ನಿರ್ಗಮನ ಒಪ್ಪಂದಕ್ಕೆ ಅಲ್ಲಿ ಬಲ ಬಂದಿದೆ. ಒಕ್ಕೂಟದಿಂದ ಬಂದು ಉಳಿದುಕೊಂಡಿದ್ದ ಕಾನೂನುಗಳನ್ನು 2023ರ ಕಾಯ್ದೆಯೊಂದು 1 ಜನವರಿ 2024ರಿಂದ ‘ಅಂತರ್ಗತ ಕಾನೂನು’ ಎಂದು ಮಾರ್ಪಡಿಸಿ ಅವುಗಳ ಮೇಲ್ಮೆಯನ್ನು ಕಿತ್ತುಹಾಕಿತು. ಇದನ್ನು ಓದಿದವರು ನಿರ್ಗಮನ ಒಪ್ಪಂದದ ಮೇಲ್ಮೆಯೂ ಹೋಯಿತೆಂದು ಭಾವಿಸುತ್ತಾರೆ. ಹೋಗಿಲ್ಲ, 7ಎ ಕಲಮು ಹಾಗೆಯೇ ಇದೆ.

ಉತ್ತರ ಬರೆಯುವಾಗ ವಿಧಿ, ಕಂಡಿಕೆ, ಉಪಕಂಡಿಕೆಗಳನ್ನು ಪೂರ್ಣವಾಗಿ ನಮೂದಿಸಿ. ಘಟನೆಯ ದಿನಾಂಕವನ್ನೂ ನೀವು ನೋಡಿದ ಕ್ರೋಡೀಕೃತ ಪ್ರತಿಯ ದಿನಾಂಕವನ್ನೂ ಜೊತೆಗೆ ಬರೆಯಿರಿ. ಜಂಟಿ ಸಮಿತಿಯ ನಿರ್ಧಾರಗಳಿಗೆ 166ನೇ ವಿಧಿ ಒಪ್ಪಂದದಷ್ಟೇ ಬಲ ಕೊಟ್ಟಿರುವುದರಿಂದ, ಆ ಪ್ರತಿಯ ದಿನಾಂಕದ ನಂತರ ಅಂತಹ ನಿರ್ಧಾರ ಬಂದಿದೆಯೇ ಎಂದು ಯುರ್-ಲೆಕ್ಸ್‌ನಲ್ಲಿ ನೋಡಿ, ಬಂದಿದ್ದರೆ ಎರಡನೆಯ ಹಂತದಲ್ಲಿ ಎಳೆದ ಗೆರೆಯ ಮೇಲೆ ಅದನ್ನೂ ಗುರುತಿಸಿಕೊಳ್ಳಿ.